ತೆರೆಯಚ್ಚು

ಮೊಬೈಲಿನ ಪಕ್ಕೆಯಲ್ಲಿ ಎರಡು ಗುಂಡಿಗಳಿವೆ. ಒಂದು ಅದನ್ನು ಎಬ್ಬಿಸುವುದಕ್ಕೆ, ಇನ್ನೊಂದು ಅದರ ದನಿ ತಗ್ಗಿಸುವುದಕ್ಕೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಸಾಕು, ತೆರೆಯ ಮೇಲಿದ್ದುದೆಲ್ಲ ಚಿತ್ರವಾಗಿ ಕುಳಿತುಬಿಡುತ್ತದೆ. ನನ್ನ ವಿದ್ಯಾರ್ಥಿಗಳು ಇದನ್ನು ಸ್ಕ್ರೀನ್‌ಶಾಟ್ ಎನ್ನುತ್ತಾರೆ. ಕನ್ನಡದ ಮೇಷ್ಟರಾದ ತಪ್ಪಿಗೆ ನಾನು ‘ತೆರೆಯಚ್ಚು’ ಎಂದು ಪದವೊಂದನ್ನು ಟಂಕಿಸಿದೆ. ಅದು ತರಗತಿಯ ಬಾಗಿಲನ್ನೂ ದಾಟಲಿಲ್ಲ. ನಿಜ ಹೇಳುವುದಾದರೆ, ಮನೆಯಲ್ಲಿ ನಾನೂ ಸ್ಕ್ರೀನ್‌ಶಾಟ್ ಎಂದೇ ಅನ್ನುತ್ತೇನೆ.

ಅದರ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಪರೀಕ್ಷೆಯ ವೇಳಾಪಟ್ಟಿ, ರೈಲಿನ ಟಿಕೀಟು, ಹಣ ಕಳಿಸಿದ ರುಜುವಾತು ಎಲ್ಲವೂ ಚಿತ್ರಗಳಾಗಿಯೇ ವಾಟ್ಸ್‌ಆ್ಯಪಿನಲ್ಲಿ ಸಂಚರಿಸುತ್ತವೆ. ಹಿಂದೆ ನಮ್ಮ ಫಾಂಟು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಕನ್ನಡವೆಲ್ಲ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತಿತ್ತು. ಆಗ ಬರಹವನ್ನು ಚಿತ್ರಮಾಡಿ ಕಳಿಸಿದರೇ ಓದುವವನಿಗೆ ಮೋಕ್ಷ.

ನಮ್ಮ ಶಾಸನತಜ್ಞರಿಗೆ ಈ ವಿದ್ಯೆ ಹೊಸತಲ್ಲ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತಿದರೆ ಅಕ್ಷರಗಳು ಬೆಳ್ಳಗೆ ಮೂಡುತ್ತವೆ. ಅದೇ ಪಡಿಯಚ್ಚು. ಪಿ. ಬಿ. ದೇಸಾಯಿಯವರು 1957ರ ತಮ್ಮ ಗ್ರಂಥದಲ್ಲಿ ನಮ್ಮ ಸೇಡಂ ಸೀಮೆಯ ಶಾಸನಗಳನ್ನು ಪ್ರಕಟಿಸಿದ್ದಾರೆ. ಶಾಸನಗಳನ್ನು ಅಚ್ಚು ಮಾಡುವವರಲ್ಲಿ ಒಂದು ಮರ್ಯಾದೆಯಿದೆ. ಕಲ್ಲು ಒಡೆದು ಅಕ್ಷರ ಹೋಗಿದ್ದರೆ ಅಲ್ಲಿ ಚುಕ್ಕಿಗಳನ್ನು ಇಡುತ್ತಾರೆ. ಇಲ್ಲಿ ಏನೋ ಇತ್ತು, ಈಗ ಇಲ್ಲ ಎಂದು ಓದುಗನಿಗೆ ತಿಳಿಯುತ್ತದೆ. ಇದನ್ನು ವರ್ಷವರ್ಷವೂ ತರಗತಿಯಲ್ಲಿ ಹೇಳುವ ನಾನೇ ಆ ಮರ್ಯಾದೆಯನ್ನು ಮುರಿದೆ.

ತಾಜಸುಲ್ತಾನಪುರದಲ್ಲಿ ನನ್ನ ಮನೆ. ಕಮಲಾಪುರದ ಕಡೆ ಹೊಲ. ಅಲ್ಲಿ ತಮ್ಮ ಕೆಂಪು ಬಾಳೆ ಬೆಳೆಯುತ್ತಾನೆ, ಅವ್ವ ಅವನ ಬಳಿಯೇ ಇದ್ದಾಳೆ. ಕಳೆದ ಆಷಾಢದಲ್ಲಿ ಅವ್ವನನ್ನು ದವಾಖಾನೆಗೆ ತೋರಿಸಲಿಲ್ಲವೆಂದು ನಾನು ಅವನಿಗೆ ನಾಲ್ಕು ಬಿರುಸು ಮಾತು ಬರೆದೆ. ಅವನ ಉತ್ತರ ಬಂತು: “ಪಟ್ಟಣದಾಗ ಕುಂತು ಹುಕುಂ ಮಾಡೋದು ಸಸಾರ. ಅವ್ವನ್ನ ನಾ ಒಬ್ಬನೇ ನೋಡಬೇಕಂತ ಬರಕೊಟ್ಟೀನೇನು?” ಎರಡು ನಿಮಿಷದ ಮೇಲೆ ಇನ್ನೊಂದು: “ಸಿಟ್ಟಿನಾಗ ಅಂದೆ ಅಣ್ಣಾ, ಮನಸಿಗೆ ಹಚ್ಚಿಕೋಬ್ಯಾಡ. ರಾತ್ರಿಯೆಲ್ಲ ಜ್ವರ ಇತ್ತು, ನಿದ್ದಿ ಇಲ್ಲ. ಈಗ ಇಳದದ.”

ನಾನು ಎರಡು ಗುಂಡಿಗಳನ್ನು ಒತ್ತಿದೆ. ತಲೆಯ ಕಡೆ ನನ್ನ ಮಾತನ್ನು ಕತ್ತರಿಸಿದೆ, ಕಾಲ ಕಡೆ ಅವನ ಎರಡನೆಯ ಮಾತನ್ನು ಕತ್ತರಿಸಿದೆ. ಉಳಿದ ನಡುವಣ ತುಂಡನ್ನು ಸೊಲ್ಲಾಪುರದ ತಂಗಿಗೆ ಕಳಿಸಿದೆ. ಅದರಲ್ಲಿ ಸುಳ್ಳಿನ ಒಂದಕ್ಷರವೂ ಇರಲಿಲ್ಲ. ಆದರೆ ಇಡೀ ಚಿತ್ರವೇ ಸುಳ್ಳು.

ನ್ಯಾಯಾಲಯದವರು ಇಷ್ಟು ಸುಲಭವಾಗಿ ನಂಬುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಇಂಥ ದಾಖಲೆಗೆ ಪ್ರಮಾಣಪತ್ರ ಬೇಡುತ್ತದೆ. ಅಣ್ಣ ಕಳಿಸಿದ್ದಕ್ಕೆ ಪ್ರಮಾಣಪತ್ರ ಕೇಳುವ ತಂಗಿ ಎಲ್ಲಿದ್ದಾಳೆ?

ಪಂಚಮಿಗೆ ಅವಳು ತವರಿಗೆ ಬರಲಿಲ್ಲ. ಅವ್ವ ಶೇಂಗಾ ಉಂಡಿ ಕಟ್ಟಿ ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನ ಹೊತ್ತಿಗೆಲ್ಲ ಬಾಗಿಲಿಗೆ ಬಂದು ನಿಂತಳಂತೆ. ತಮ್ಮ ಫೋನಿನಲ್ಲಿ, “ಅಕ್ಕ ನನ್ನ ಮ್ಯಾಲ ಯಾಕ ಮುನಿಸಿಕೊಂಡಾಳ, ನಿನಗೇನರೆ ಗೊತ್ತದ ಏನಣ್ಣಾ?” ಎಂದು ಕೇಳಿದ. ನನ್ನ ಬಾಯಿ ಕಟ್ಟಿತು.

ಆ ರಾತ್ರಿ ಸಂಭಾಷಣೆಯನ್ನು ಮೊದಲಿನಿಂದ ಕೊನೆಯವರೆಗೆ, ಏನನ್ನೂ ಕತ್ತರಿಸದೆ, ಮೂರು ಚಿತ್ರಗಳಾಗಿ ತೆಗೆದು ತಂಗಿಗೆ ಕಳಿಸಿದೆ. ಹಳೆಯ ತುಂಡನ್ನು ಅಳಿಸುವ ಕಾಲ ಮೀರಿತ್ತು. ಅಳಿಸಿದ್ದರೂ ಅವಳು ಓದಿದ್ದನ್ನು ಅಳಿಸುವ ಗುಂಡಿ ಎಲ್ಲಿದೆ? ಸ್ವಲ್ಪ ಹೊತ್ತಿನ ಮೇಲೆ ಅವಳೇ ಫೋನು ಮಾಡಿ, “ಇದನ್ನ ಮೊದಲೇ ಯಾಕ ತೋರಸಲಿಲ್ಲ, ಅಣ್ಣಾ?” ಎಂದಳು. ನಾನು ಹೇಳಿದ ಉತ್ತರ ನನಗೇ ಕೇಳಿಸಲಿಲ್ಲ.

ಮುಂದಿನ ಆದಿತ್ಯವಾರ ಅವಳು ಊರಿಗೆ ಬಂದು ತಮ್ಮನ ತಟ್ಟೆಗೆ ತಾನೇ ಉಂಡಿ ಬಡಿಸಿದಳು. ನನಗೂ ಬಡಿಸಿದಳು. ಆದರೆ ಅಂದಿನಿಂದ ಅವಳು ನನಗೆ ಸಂದೇಶ ಬರೆಯುವುದಿಲ್ಲ. ಏನಾದರೂ ಹೇಳಬೇಕಾದರೆ ಫೋನೇ ಮಾಡುತ್ತಾಳೆ.