ವಸಡಿನ ರಕ್ತ

ಬೆಳಿಗ್ಗೆ ಹಲ್ಲುಜ್ಜಿ ಉಗುಳಿದ ನೀರು ಕೆಂಪಾಗಿದ್ದುದನ್ನು ನಾನು ಮೊದಲು ಕಂಡದ್ದು ನಾಲ್ವತ್ತನೆಯ ವಯಸ್ಸಿನಲ್ಲಿ. ನೋವಿರಲಿಲ್ಲವಾದುದರಿಂದ ಚಿಂತಿಸಲಿಲ್ಲ; ರಕ್ತ ಬರುವ ಸ್ಥಳವನ್ನು ಮುಟ್ಟದೆ ಉಳಿದ ಹಲ್ಲುಗಳನ್ನು ಮಾತ್ರ ಉಜ್ಜತೊಡಗಿದೆನು. ನಾನು ಮಾಡಿದ ದೊಡ್ಡ ತಪ್ಪು ಇದೇ. ವಸಡಿನಂಚಿನಲ್ಲಿ ಕೂಡುವ ಲೋಳೆಯ ಪೊರೆಯೇ ಊತಕ್ಕೂ ರಕ್ತಕ್ಕೂ ಕಾರಣವಾಗಿರುವಲ್ಲಿ, ಆ ಎಡೆಯನ್ನೇ ಬಿಟ್ಟುದು ರೋಗಕ್ಕೆ ಮನೆ ಕಟ್ಟಿಕೊಟ್ಟಂತಾಯಿತು. ಪೊರೆಯು ಗಟ್ಟಿಯಾಗಿ ಕಿಟ್ಟವಾಯಿತೆಂದರೆ ಉಪ್ಪಿಗಾಗಲಿ ಇದ್ದಲಿಗಾಗಲಿ ಬ್ರಷ್ಷಿಗಾಗಲಿ ಅದು ಜಗ್ಗದು.

ಕಿಟ್ಟ ತೆಗೆಯಿಸಿದರೆ ಹಲ್ಲು ಸಡಿಲವಾಗುವುದೆಂದು ನಮ್ಮ ತಾಯಿಯವರು ತಡೆದರು. ನಾನೂ ಒಪ್ಪಿ ಐದು ವರ್ಷ ಸುಮ್ಮನಿದ್ದೆನು. ವಸಡು ಇಳಿದು, ಬಾಯಿ ನಾರಿ (ಬರೆಯಲು ಸಂಕೋಚವೇ), ಕೆಳಗಿನ ಎರಡು ಮುಂಬಲ್ಲುಗಳು ನಾಲಗೆ ತಾಕಿದರೆ ಅಲುಗುವಂತಾದಾಗ ದಂತವೈದ್ಯರೆದುರು ಕುಳಿತೆನು. ಹಲ್ಲನ್ನು ಹಿಡಿದಿರುವ ಎಲುಬು ಕರಗಿದೆ, ಆಗಲೇ ಸಡಿಲವಾದ ಹಲ್ಲುಗಳನ್ನು ಕಿಟ್ಟವು ಒಂದಕ್ಕೊಂದು ಅಂಟಿಸಿಕೊಂಡಿದೆ, ಅಷ್ಟೆ, ಎಂದರು ಅವರು. ಬರಿಯ ಊತವಿದ್ದಾಗ ಬಂದಿದ್ದರೆ ಪೂರ್ಣ ಗುಣವಾಗುತ್ತಿತ್ತಂತೆ. ಹೋದ ಎಲುಬು ತಾನಾಗಿ ಮರಳದು. ಮಧುಮೇಹವೂ ಈ ರೋಗವೂ ಒಂದನ್ನೊಂದು ಬೆಳೆಸುವುದರಿಂದ ರಕ್ತದ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿದರು. ಹೊಗೆಬತ್ತಿ ಸೇದುವವರಲ್ಲಿಯಂತೂ ರಕ್ತವೇ ಅಷ್ಟಾಗಿ ಕಾಣದೆ ರೋಗವು ಒಳಗೊಳಗೇ ಬೆಳೆಯುವುದುಂಟು.

ಎರಡು ಹಲ್ಲುಗಳು ಹೋದವು. ವಸಡಿನ ಕೆಳಗೆ ಬೇರಿನವರೆಗೂ ಶುದ್ಧಿಮಾಡಿಸಿದ ಮೇಲೆ ಉಳಿದವು ನಿಂತಿವೆ. ಈಗ ಮೃದುವಾದ ಬ್ರಷ್ಷನ್ನು ವಸಡಿನಂಚಿಗೆ ಓರೆಯಾಗಿ ಹಿಡಿದು ದಿನಕ್ಕೆರಡು ಸಲ ಉಜ್ಜುತ್ತೇನೆ. ರಕ್ತ ಕಂಡೆಡೆಯಲ್ಲಿ ಬಿಡದೆ, ಇನ್ನಷ್ಟು ನಯವಾಗಿ. ಕಳೆದ ತಿಂಗಳು ತಾಯಿಯವರೂ, ಯಾರೂ ಹೇಳದೆಯೇ, ನನ್ನೊಡನೆ ವೈದ್ಯರಲ್ಲಿಗೆ ಹೊರಟರು.