ಆನ್ ಆರ್ಬರ್ ಪಟ್ಟಣವೂ ಅಲ್ಲಿಯ ಮೋಟಾರು ವಿಮೆಯೂ

ಅಮೆರಿಕಾದ ಮಿಷಿಗನ್ ಸಂಸ್ಥಾನದಲ್ಲಿ ಹ್ಯೂರನ್ ಎಂಬ ನದಿಯ ತೀರದಲ್ಲಿ ಆನ್ ಆರ್ಬರ್ ಎಂಬ ಪಟ್ಟಣವುಂಟು. 1824ರಲ್ಲಿ ಇದನ್ನು ಸ್ಥಾಪಿಸಿದ ಇಬ್ಬರು ಗೃಹಸ್ಥರ ಪತ್ನಿಯರಿಗೂ ಆನ್ ಎಂಬ ಹೆಸರಿದ್ದುದರಿಂದಲೂ, ಸುತ್ತಲೂ ಓಕ್ ಮರಗಳ ತೋಪಿದ್ದುದರಿಂದಲೂ ಊರಿಗೆ ಈ ಹೆಸರು ಬಂದಿತೆಂದು ಹೇಳುವರು. 1817ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯವು 1837ರಲ್ಲಿ ಇಲ್ಲಿಗೆ ಬಂದು ನೆಲಸಿತು. ಅಂದಿನಿಂದ ಊರಾವುದು, ವಿದ್ಯಾಲಯವಾವುದು ಎಂದು ವಿಂಗಡಿಸುವುದೇ ಕಷ್ಟ. ನಮ್ಮ ಧಾರವಾಡವನ್ನು ಬಲ್ಲ ವಾಚಕರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. 1936ರ ಗಂಟೆಯ ಗೋಪುರದ ನಾದವು ದೂರದವರೆಗೆ ಕೇಳಿಬರುವುದು. ಲಕ್ಷಕ್ಕೂ ಮಿಕ್ಕ ಜನ ಕೂರಬಹುದಾದ ಕ್ರೀಡಾಂಗಣವೊಂದಿದೆ. ಶರತ್ಕಾಲದಲ್ಲಿ ಪಂದ್ಯವಿರುವ ಶನಿವಾರ ಬೀದಿಯಲ್ಲಿ ಗಾಡಿ ಕದಲುವುದಿಲ್ಲ.

ನಮ್ಮ ಮಗಳು ಅಲ್ಲಿ ಸಂಶೋಧನೆ ಮಾಡುತ್ತಿರುವುದರಿಂದ ನಾನೂ ನನ್ನ ಗೃಹಿಣಿಯೂ ಎರಡು ತಿಂಗಳು ಆ ಊರಿನಲ್ಲಿದ್ದೆವು. ಆ ಕಾಲದಲ್ಲಿಯೇ ಅವಳ ಹಳೆಯ ಮೋಟಾರು ಗಾಡಿಯ ವಿಮೆಯನ್ನು ನವೀಕರಿಸುವ ಕಾಗದ ಬಂದಿತು. "ಅಪ್ಪಾ, ಇದರಲ್ಲಿ ಯಾವುದನ್ನು ಆರಿಸಲಿ?" ಎಂದು ಅವಳು ಅದನ್ನು ನನ್ನ ಮುಂದಿಟ್ಟಳು. ವಿಮೆ ಎಂಬ ಮಾತು ಪಾರಸೀ ಭಾಷೆಯಿಂದ ಬಂದುದು. ನಮ್ಮ ಹಿರಿಯರ ಮಾತು ಯೋಗಕ್ಷೇಮ: ಇಲ್ಲದುದನ್ನು ಪಡೆಯುವುದು ಯೋಗ, ಇರುವುದನ್ನು ಕಾಪಾಡುವುದು ಕ್ಷೇಮ. ವಿಮೆಯಿಂದ ಆಗುವುದು ಎರಡನೆಯದು ಮಾತ್ರ. ಅದರಿಂದ ಲಾಭ ನಿರೀಕ್ಷಿಸುವವರು ಮೊದಲನೆಯದರೊಡನೆ ಅದನ್ನು ಬೆರೆಸುವರು.

ಆ ಸಂಸ್ಥಾನದ ಕ್ರಮ ವಿಚಿತ್ರವಾದುದು. ನಮ್ಮ ದೇಶದಲ್ಲಿ ಗಾಡಿಯಿಂದ ಇತರರಿಗಾಗುವ ಹಾನಿಯ ವಿಮೆ ಕಡ್ಡಾಯ. ತಪ್ಪು ಯಾರದೆಂದು ನ್ಯಾಯಾಧಿಕರಣದಲ್ಲಿ ಸಾಧಿಸುವುದರಲ್ಲಿಯೇ ಅನೇಕ ವೇಳೆ ವರ್ಷಗಳು ಕಳೆದುಹೋಗುವುವು. ಮಿಷಿಗನ್ನಿನಲ್ಲಾದರೋ 1973ರಿಂದ, ತಪ್ಪು ಯಾರದೇ ಆಗಲಿ, ಗಾಯಗೊಂಡವನ ಚಿಕಿತ್ಸೆಯ ವೆಚ್ಚವನ್ನು ಸಾಮಾನ್ಯವಾಗಿ ಅವನ ವಿಮೆಯೇ ಕೊಡಬೇಕು. ಅವನು ಕಾಲ್ನಡೆಯಲ್ಲಿ ಹೋಗುತ್ತಿದ್ದಾಗ ಗಾಡಿ ತಾಕಿದರೂ ಇದೇ ನ್ಯಾಯ. ಆ ವೆಚ್ಚಕ್ಕೆ ಮಿತಿಯೇ ಇರಲಿಲ್ಲ. ಬೆನ್ನುಮೂಳೆ ಮುರಿದವನನ್ನು ಜೀವಮಾನವೆಲ್ಲ ನೋಡಿಕೊಳ್ಳಬೇಕಾಗಿದ್ದಿತು. ಧರ್ಮ ದೊಡ್ಡದು, ಕಂತೂ ದೊಡ್ಡದು. ಡೆಟ್ರಾಯಿಟ್ ನಗರದ ವಿಮೆ ದೇಶದಲ್ಲೇ ಅತಿ ದುಬಾರಿಯೆಂದು ಬಹುಕಾಲ ಹೆಸರಾಗಿತ್ತು. ಆದುದರಿಂದ 2019ರಲ್ಲಿ ಕಾನೂನನ್ನು ತಿದ್ದಿ, 2020ರ ಜುಲೈ ತಿಂಗಳಿಂದ ಆಯ್ಕೆಯನ್ನು ಕೊಟ್ಟರು: ಮಿತಿಯಿಲ್ಲದುದು, 5 ಲಕ್ಷ ಡಾಲರು, ಎರಡೂವರೆ ಲಕ್ಷ, ಬಡವರಿಗಾಗಿ ಸರ್ಕಾರ ನಡೆಸುವ ವೈದ್ಯವಿಮೆಯುಳ್ಳವರಿಗೆ, ಕೆಲವು ನಿಬಂಧನೆಗಳ ಮೇಲೆ, 50 ಸಾವಿರ.

ಅದೇ ತಿದ್ದುಪಡಿಯಲ್ಲಿ ಮತ್ತೊಂದು ವಿಧಿಯುಂಟು. ಸ್ತ್ರೀಯೋ ಪುರುಷನೋ, ವಿವಾಹಿತನೋ ಅಲ್ಲವೋ, ಸ್ವಂತ ಮನೆಯುಂಟೋ ಇಲ್ಲವೋ, ಏನು ಓದಿರುವನು, ಯಾವ ಉದ್ಯೋಗದವನು ಎಂಬುದನ್ನು ನೋಡಿ ಕಂತನ್ನು ನಿರ್ಣಯಿಸಕೂಡದು. ವಿದ್ವಾಂಸರೇ ತುಂಬಿರುವ ಊರಿನಲ್ಲಿ ವಿದ್ವತ್ತಿಗೆ ಕಾಸಿನ ರಿಯಾಯಿತಿಯಿಲ್ಲವೆಂದು ಕೇಳಿ ನನಗೆ ನಗು ಬಂದಿತು. ವಯಸ್ಸನ್ನೂ ಹಿಂದಿನ ಅಪಘಾತಗಳನ್ನೂ ಮಾತ್ರ ನೋಡಿಯೇ ನೋಡುವರು. ಹುಡುಗರಿಗೆ ಕಂತು ಹೆಚ್ಚು. ಒಳ್ಳೆಯ ಅಂಕ ಪಡೆಯುವ ವಿದ್ಯಾರ್ಥಿಗಳಿಗೆ ಎಷ್ಟೋ ಕಂಪನಿಗಳು ಕೊಂಚ ಇಳಿಸುವುದುಂಟು.

ಮಗಳ ಲೆಕ್ಕ ಹೀಗಿತ್ತು: "ವಿದ್ಯಾಲಯದ ಆರೋಗ್ಯವಿಮೆ ಇದ್ದೇ ಇದೆ. ಎರಡೂವರೆ ಲಕ್ಷ ಸಾಲದೇ? ಉಳಿದ ಹಣದಲ್ಲಿ ಗಾಡಿಗೆ ಪೂರ್ಣ ರಕ್ಷಣೆ ಕೊಳ್ಳಬಹುದು." ನಾನು ಇದಕ್ಕೆ ವಿರೋಧವಾಗಿ ವಾದಿಸಿದೆನು. ವಿದ್ಯಾರ್ಥಿಯ ಆರೋಗ್ಯವಿಮೆ ವಿದ್ಯಾರ್ಥಿತ್ವ ಇರುವವರೆಗೆ. ಮುರಿದ ಮೂಳೆಯು ಪದವಿಯೊಡನೆ ಮುಗಿಯದು. ಮನೆಗೆ ಬಂದು ಶುಶ್ರೂಷೆ ಮಾಡುವವರ ವೇತನವನ್ನು ಆರೋಗ್ಯವಿಮೆಯು ಬಹುಕಾಲ ಕೊಡುವುದೂ ಅಪೂರ್ವ. ತಂದೆತಾಯಿಗಳು ಹದಿಮೂರು ಸಾವಿರ ಕಿಲೋಮೀಟರಿನಾಚೆ ಇರುವ ಒಂಟಿ ಹೆಣ್ಣುಮಗಳಿಗೆ ಆ ಶುಶ್ರೂಷೆಯೇ ಮುಖ್ಯ. ಗಾಡಿ ಹೋದರೆ ಬಸ್ಸುಂಟು. ವಿದ್ಯಾಲಯದ ಗುರುತಿನ ಚೀಟಿ ತೋರಿಸಿದರೆ ಊರ ಬಸ್ಸಿಗೆ ಹಣ ಕೊಡಬೇಕಾಗಿಲ್ಲ.

ಗಾಡಿಯ ಲೋಹಕ್ಕೆ ಮಾಡುವ ವಿಮೆಯಲ್ಲಿಯೂ ಭೇದಗಳುಂಟು. ಡಿಕ್ಕಿಯ ವಿಮೆಯಲ್ಲಿ ಒಂದು ಬಗೆ, ತಪ್ಪು ನಮ್ಮದಾದರೂ ರಿಪೇರಿಯ ವೆಚ್ಚ ಕೊಡುವುದು. ಇನ್ನೊಂದು, ತಪ್ಪು ಬಹುಪಾಲು ನಮ್ಮದಲ್ಲದಿದ್ದರೆ ಮಾತ್ರ. ಶರತ್ಕಾಲದ ಸಂಜೆ ರಸ್ತೆಗೆ ನೆಗೆಯುವ ಜಿಂಕೆಗೆ ಗಾಡಿ ಬಡಿದರೆ ಅದು ಡಿಕ್ಕಿಯ ಲೆಕ್ಕಕ್ಕೆ ಸೇರದು. ಕಳವು, ಬೆಂಕಿ, ಆಲಿಕಲ್ಲುಗಳ ಲೆಕ್ಕಕ್ಕೆ ಸೇರುವುದು. ಕಡೆಗೆ ಮಗಳು ಡಿಕ್ಕಿಯ ವಿಮೆಯನ್ನು ಬಿಟ್ಟು, ಜಿಂಕೆಯದನ್ನು ಇಟ್ಟುಕೊಂಡು, ಚಿಕಿತ್ಸೆಗೆ ಮಿತಿಯಿಲ್ಲದುದನ್ನೇ ಬರೆದಳು. ಅವಳಿಂದ ಇತರರಿಗೆ ಗಾಯವಾದರೆ ಕೊಡುವ ಹೊಣೆಯನ್ನು ರುಜು ಹಾಕಿ 50 ಸಾವಿರಕ್ಕೆ ಇಳಿಸಬಹುದಾಗಿತ್ತು; ಒಬ್ಬರಿಗೆ ಎರಡೂವರೆ ಲಕ್ಷ, ಒಂದು ಅಪಘಾತಕ್ಕೆ 5 ಲಕ್ಷವೆಂಬ ಕಾನೂನಿನ ಸಾಮಾನ್ಯ ಮೊತ್ತವನ್ನೇ ಉಳಿಸಿದಳು.

ಆಗ ನನ್ನ ಗೃಹಿಣಿ, "ಅವಳ ಗಾಡಿಯಲ್ಲಿ ಕೂತ ನಮ್ಮ ಗತಿಯೇನು?" ಎಂದು ಕೇಳಿದಳು. ಕಾಗದವನ್ನು ತಿರುವಿದಾಗ ತಿಳಿದುದು ಇದು: 2019ರ ತಿದ್ದುಪಡಿಯ ಮೇಲೆ, ಆ ಸಂಸ್ಥಾನದ ನಿವಾಸಿಯಲ್ಲದವನಿಗೆ, ಅಲ್ಲಿ ನೋಂದಾಯಿಸಿ ವಿಮೆ ಮಾಡಿಸಿದ ಸ್ವಂತ ಗಾಡಿಯಿಲ್ಲದಿದ್ದರೆ, ಈ ಚಿಕಿತ್ಸಾವೆಚ್ಚ ದೊರೆಯುವುದಿಲ್ಲ. ತಪ್ಪು ಮಾಡಿದ ಚಾಲಕನ ಮೇಲೆ ದಾವೆ ಹೂಡಬಹುದು. ಆಸ್ಪತ್ರೆಯು ಅಲ್ಲಿಯವರೆಗೆ ಕಾಯುವುದೇ? ಮಕ್ಕಳನ್ನು ನೋಡಲು ಹೋಗುವ ತಂದೆತಾಯಿಗಳು ಇಲ್ಲಿಂದ ಹೊರಡುವಾಗಲೇ ಪ್ರವಾಸದ ವೈದ್ಯವಿಮೆಯನ್ನು ಕೊಳ್ಳಬೇಕು. ನಾವು ಕೊಂಡಿದ್ದೆವು. ಅದರಲ್ಲಿ ಅಪಘಾತಕ್ಕೆ ಎಷ್ಟು ಡಾಲರುಗಳೆಂಬುದನ್ನೂ, ವಯಸ್ಸಾದವರಿಗೆ ಆ ಮೊತ್ತವನ್ನು ತಗ್ಗಿಸಿರುವರೇ ಎಂಬುದನ್ನೂ ಹಣ ಕಟ್ಟುವ ಮೊದಲು ಓದಿ ನೋಡಬೇಕು.