ನಾನೂ ರಂಗವೇರಿದೆ!

ರಂಗವೇರಬೇಕೆಂಬ ಹಂಬಲ ನನಗೆ ಎಂದೂ ಇದ್ದುದಿಲ್ಲ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಪರದೆ ಎಳೆಯುವ ಕೆಲಸವನ್ನೇ ಮೂರು ವರ್ಷವೂ ಕೇಳಿ ಪಡೆದವನು ನಾನು. ಹಾಗಿದ್ದೂ ಕಳೆದ ಚಳಿಗಾಲದ ಒಂದು ಭಾನುವಾರ ಸಂಜೆ, ಇಂದಿರಾನಗರದ ಕಾಫಿ ಅಂಗಡಿಯೊಂದರ ಮಹಡಿಯಲ್ಲಿ, ಅರುವತ್ತು ಎಪ್ಪತ್ತು ಜನರೆದುರು ನಿಂತುಬಿಟ್ಟೆ.

ಗೆಳೆಯನೊಬ್ಬ ಟಿಕೆಟ್ ಕೊಡಿಸಿ, "ಬಾ, ನಗಿಸುತ್ತಾರೆ" ಎಂದು ಕರೆದಿದ್ದ. ಹಲಸೂರಿನ ಸೋಮೇಶ್ವರ ದೇವಸ್ಥಾನದ ಹತ್ತಿರದ ನಮ್ಮ ಬೀದಿಯಿಂದ ಅಲ್ಲಿಗೆ ನಡೆದೇ ಹೋಗಬಹುದು. ಆದರೂ ಪರವೂರಿಗೆ ಹೊರಟವನಂತೆ ಇದ್ದುದರಲ್ಲಿ ಒಳ್ಳೆಯ ಅಂಗಿ ತೊಟ್ಟು ಹೋದೆ. ಅದು ಆಶುಹಾಸ್ಯದ ಆಟ. ಬರೆದಿಟ್ಟ ನಾಟಕವಿಲ್ಲ, ಪ್ರೇಕ್ಷಕರು ಕೂಗಿದ ಸ್ಥಳ, ಕೂಗಿದ ಕಸುಬು, ಅದೇ ಕಥೆ. ನಮಗಿದು ತೀರ ಹೊಸದೇನಲ್ಲ. ತಾಳಮದ್ದಳೆಯ ಅರ್ಥಧಾರಿಗಳು ಬರೆದುಕೊಂಡ ಮಾತಿಲ್ಲದೆ ಗಂಟೆಗಟ್ಟಲೆ ವಾದಿಸುತ್ತಾರೆ. ಮಾಸ್ಟರ್ ಹಿರಣ್ಣಯ್ಯನವರು ಅಂದಂದಿನ ರಾಜಕೀಯವನ್ನು 'ಲಂಚಾವತಾರ'ದೊಳಕ್ಕೆ ಎಳೆತರುತ್ತಿದ್ದರು. ಆದರೆ ಅಲ್ಲಿ ಪ್ರೇಕ್ಷಕ ಕುಳಿತಲ್ಲೇ ಕುಳಿತಿರಬಹುದು. ಇಲ್ಲಿ ಆ ಸುಖವಿಲ್ಲ!

ಎಲ್ಲವೂ ಇಂಗ್ಲಿಷಿನಲ್ಲೇ ನಡೆದಿತ್ತು. ನಟನೊಬ್ಬ ಮುಂದೆ ಬಂದು, ಯಾವುದಾದರೂ ಒಂದು ಕಸುಬನ್ನು ಹೇಳಿರೆಂದು ಕೇಳಿದ. ನನ್ನ ನಾಲಗೆಯ ತುದಿಯಲ್ಲಿ ಒಂದಿತ್ತು, ಹೊರಗೆ ಬರಲಿಲ್ಲ. ಮುಂದಿನ ಸಾಲಿನವರಾರೋ ಅದನ್ನೇ ಕೂಗಿದರು: ಇಸ್ತ್ರಿಯವನು! ಸಭೆ ಘೊಳ್ಳೆಂದು ನಕ್ಕಿತು. ನಾನೂ ನಕ್ಕೆ. ನಮ್ಮ ತಂದೆಯವರು ಇಪ್ಪತ್ತೆರಡು ವರ್ಷಗಳಿಂದ ಬೀದಿಯ ಮೂಲೆಯಲ್ಲಿ ಗಾಡಿಯಿಟ್ಟು ಇಸ್ತ್ರಿ ಮಾಡುತ್ತಿದ್ದಾರೆ. ನನ್ನ ಬಿ.ಎ. ಆ ಕೆಂಡದಿಂದ ಬಂದದ್ದು.

ಆಟದ ನಿಯಮ ಇಷ್ಟು: ನಟರು ಬಾಯಿ ಮಾತ್ರ ಆಡಿಸಬೇಕು. ಅವರ ಕೈಕಾಲುಗಳನ್ನು ಸಭೆಯಿಂದ ಬಂದವರು ಗೊಂಬೆಯಂತೆ ಹಿಡಿದು ಆಡಿಸುತ್ತಾರೆ. ಕೈ ಹೋದತ್ತ ಮಾತೂ ಹೋಗಬೇಕು. ಆಡಿಸುವವರು ಬೇಕೆಂದಾಗ ಗೆಳೆಯ ನನ್ನನ್ನು ಬೆನ್ನಿಗೆ ಕೈಕೊಟ್ಟು ನೂಕಿದ.

ನಟ ಇಲ್ಲದ ಇಸ್ತ್ರಿಪೆಟ್ಟಿಗೆಯನ್ನು ಕಾಫಿಯ ಬಟ್ಟಲಿನಂತೆ ಎರಡೇ ಬೆರಳಲ್ಲಿ ಹಿಡಿದು ನಿಂತಿದ್ದ. ಕೆಂಡ ತುಂಬಿದರೆ ಐದಾರು ಕಿಲೋ ತೂಗುವ ಹಿತ್ತಾಳೆಯ ಪೆಟ್ಟಿಗೆ ಅದು. ಹಾಗೆ ಹಿಡಿದವನ ಪಾದ ಉಳಿಯುವುದಿಲ್ಲ. ಅವನ ಮುಷ್ಟಿ ಬಿಗಿಸಿದೆ, ಬಲಭುಜ ತಗ್ಗಿಸಿದೆ, ಸೊಂಟ ಬಾಗಿಸಿದೆ, ಎಡಗೈಯಿಂದ ನೀರು ಚಿಮುಕಿಸಿದೆ. ಅವನು ಮಾತು ಹೊಂದಿಸುತ್ತ ಹೋದ; ಜನ ನಗುತ್ತ ಹೋದರು. ಆಮೇಲೆ, ಏಕೋ, ಅವನ ಎಡಗೈಯನ್ನು ಸೊಂಟದ ಹಿಂದಕ್ಕೆ ಒತ್ತಿ ಹಾಗೆಯೇ ನಿಲ್ಲಿಸಿಬಿಟ್ಟೆ. ಸಂಜೆ ಏಳರ ಹೊತ್ತಿಗೆ ತಂದೆಯವರು ನಿಲ್ಲುವ ರೀತಿ ಅದು. ನಟ ಒಂದು ಕ್ಷಣ ತಡೆದು, ಅಂದು ಮೊದಲ ಬಾರಿ ಕನ್ನಡದಲ್ಲಿ, "ಇನ್ನೂ ನಲವತ್ತು ಷರ್ಟಿದೆ ಸ್ವಾಮಿ" ಎಂದ. ನಗೆ ಬಂತು, ಸಣ್ಣದಾಗಿ ಬಂತು.

ಈ ಬಗೆಯ ಆಟಗಳನ್ನು ಬೆಳೆಸಿದವಳು ಅಮೆರಿಕದ ವಯೋಲಾ ಸ್ಪೋಲಿನ್ ಎಂದು ಆಮೇಲೆ ಓದಿದೆ. 1939ರ ಸುಮಾರಿನಲ್ಲಿ ಷಿಕಾಗೋ ನಗರದ ಬಡ ವಲಸಿಗರ ಮಕ್ಕಳಿಗೆ, ಭಾಷೆ ಅಡ್ಡಬಾರದಂತೆ ನಾಟಕ ಕಲಿಸಲು ಹೊರಟವಳು ಆಕೆ. 1963ರಲ್ಲಿ ಅವನ್ನು ಪುಸ್ತಕ ಮಾಡಿದಳು. ನಾನು ಮೊದಲು ಬಾಯಿ ಬಿಡದಿದ್ದುದು ಇಂಗ್ಲಿಷಿನ ಭಯದಿಂದ ಎಂದು ಗೆಳೆಯನಿಗೆ ಹೇಳಿದ್ದೆ. ಇಸ್ತ್ರಿಯವನು ಎನ್ನಲು ಎಷ್ಟು ಇಂಗ್ಲಿಷ್ ಬೇಕು?

ಮನೆಗೆ ಬಂದು ತಂದೆಯವರಿಗೆ ಎಲ್ಲವನ್ನೂ ಅಭಿನಯಿಸಿ ತೋರಿಸಿದೆ, ಕಡೆಯ ಭಂಗಿಯೊಂದನ್ನು ಬಿಟ್ಟು. ಅವರು ಕೇಳಿದುದು ಒಂದೇ: "ಕಾಲರು ಮೊದಲು ಮಾಡಿಸಿದೆಯೋ, ತೋಳು ಮೊದಲೋ?"

ಕಾಲರನ್ನು ನಾನು ಮರೆತೇಬಿಟ್ಟಿದ್ದೆ.